ಕೊಂಬಿರುವ ಗೂಬೆಗಳೆಲ್ಲ ಒಂದೇ ಅಲ್ಲ

ನವುಲೆಯ ಬಂಧುಗಳೇ, ಸವಳಂಗ ರಸ್ತೆಯ ಆಸುಪಾಸಿನ ನೆರೆಹೊರೆಯವರೇ,

ನೆಲಕ್ಕೆ ಬಿದ್ದ ಗೂಬೆಮರಿ ಕಂಡರೆ ಕೆಲವರು ಅಪಶಕುನವೆಂದು ಕಲ್ಲೆತ್ತುತ್ತಾರೆ. ದಯವಿಟ್ಟು ಆ ಕೈಯನ್ನು ತಡೆಯಿರಿ. ಇನ್ನು ಕೆಲವರು ಅಯ್ಯೋ ಪಾಪ ಎಂದು ಎತ್ತಿಕೊಂಡು, ಕೆರೆ ಏರಿಯ ಯಾವುದೋ ಮರದ ಮೇಲೆ ಬಿಟ್ಟು ಬರುತ್ತಾರೆ. ನನ್ನ ಮನವಿ ಹೆಚ್ಚಾಗಿ ಇವರಿಗೇ. ಯಾವ ಗೂಬೆಯೆಂದು ತಿಳಿಯದೆ ಬಿಟ್ಟರೆ ನಿಮ್ಮ ಕರುಣೆಯೇ ಅದರ ಜೀವಕ್ಕೆ ಮುಳುವಾಗಬಹುದು.

ತಲೆಯ ಮೇಲೆ ಕೊಂಬಿನಂತೆ ಗರಿ ನಿಮಿರಿಸುವ ದೊಡ್ಡ ಗೂಬೆಗಳು ನಮ್ಮ ನಾಡಿನಲ್ಲಿ ಹಲವು ಬಗೆ. ಬಯಲಿನ ಕಲ್ಲುಗುಡ್ಡಗಳಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುವುದು ಕೊಂಬಿನ ಗೂಬೆ. ಹೊಳೆದಂಡೆಯ ಹಳೇ ಮರಗಳಲ್ಲಿ ಕೂತು ಮೀನು, ಏಡಿ ಹಿಡಿಯುವುದು ಮೀನುಗೂಬೆ. ಇವೆರಡಕ್ಕಿಂತ ಅಪರೂಪವಾಗಿ ಕಣ್ಣಿಗೆ ಬೀಳುವುದು ಪಶ್ಚಿಮ ಘಟ್ಟದ ದಟ್ಟ ಕಾಡಿನ ಗೂಬೆ. ಸುಮಾರು ಎರಡಡಿ ಉದ್ದ, ಮಾಸಲು ಬಿಳಿ ಹೊಟ್ಟೆಯ ಮೇಲೆ ದೊಡ್ಡ ಕಪ್ಪು ಚುಕ್ಕೆಗಳು. ಕಾಡುಕೋಳಿ, ಮೊಲ, ಉಡವನ್ನೂ ಬೇಟೆಯಾಡುವ ಬಲ ಅದಕ್ಕಿದೆ. ಆದರೆ ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬಹುಪಾಲು ದೊಡ್ಡ ಮರದ ಪೊಟರೆಯಲ್ಲಿ. ಆ ಒಂದು ಮರಿ ಹೋದರೆ ಆ ಜೋಡಿಯ ವರ್ಷದ ಪಾಡೆಲ್ಲ ವ್ಯರ್ಥ.

1836ರಲ್ಲಿ ನೇಪಾಳದಲ್ಲಿದ್ದ ನಿಸರ್ಗ ಅಧ್ಯಯನಕಾರ ಹಾಜ್ಸನ್ ಈ ಹಕ್ಕಿಯನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಬಹುಕಾಲ ಇದನ್ನು ಕೊಂಬಿನ ಗೂಬೆಯ 'ಬುಬೊ' ಕುಲಕ್ಕೇ ಸೇರಿಸಿದ್ದರು. ಡಿಎನ್ಎ ಪರೀಕ್ಷೆ ನಡೆದ ಮೇಲೆ ಇದರ ಹತ್ತಿರದ ನೆಂಟ ಮೀನುಗೂಬೆ ಎಂದು ಗೊತ್ತಾಗಿ, ಈಚಿನ ಪಟ್ಟಿಗಳಲ್ಲಿ 'ಕೆಟುಪ' ಕುಲಕ್ಕೆ ಬಂದಿದೆ. ಇದು ಪಂಡಿತರ ಚರ್ಚೆ, ನಮಗೇಕೆ ಎನ್ನಬೇಡಿ. ಕೊಂಬು ನೋಡಿ ಒಂದೇ ಎಂದುಕೊಂಡರೆ, ಕಾನಿನ ಮರಿಯನ್ನು ಬಂಡೆಯ ಬಯಲಿಗೆ ಬಿಟ್ಟುಬಿಡುತ್ತೇವೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ: ಮರಿ ಸಿಕ್ಕರೆ ನಾಯಿ, ಕಾಗೆಗಳಿಂದ ಕಾಯಿರಿ, ದೂರದಿಂದ ಫೋಟೊ ತೆಗೆಯಿರಿ, ಬಿದ್ದ ಜಾಗವನ್ನು ಗುರುತಿಟ್ಟುಕೊಂಡು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಹಾಲು, ಅನ್ನ ತಿನ್ನಿಸಬೇಡಿ. ತಾಯಿ ಅಲ್ಲೇ ಮರದಲ್ಲಿರಬಹುದು.

ಸಾಗರ, ಸೊರಬ, ತೀರ್ಥಹಳ್ಳಿ ಕಡೆ ತೋಟವಿರುವವರೇ, ಕಾನು, ಸೊಪ್ಪಿನ ಬೆಟ್ಟಗಳಲ್ಲಿ ಪೊಟರೆ ಬಿದ್ದ ಮರವನ್ನು ಕೆಲಸಕ್ಕೆ ಬಾರದ್ದೆಂದು ಉರುಳಿಸಬೇಡಿ. ನವುಲೆಯ ಕೃಷಿ ಕಾಲೇಜಿನ ವಿದ್ಯಾರ್ಥಿಗಳೇ, ನಿಮ್ಮ ಊರಿನ ಗೂಬೆಗಳನ್ನು ಬಗೆಬಗೆಯಾಗಿ ಗುರುತಿಸಲು ಕಲಿತು ಹಿರಿಯರಿಗೂ ಹೇಳಿಕೊಡಿ. ದೀಪಾವಳಿ ಹತ್ತಿರವಾದಂತೆ ಮಾಟಮಂತ್ರದ ಹೆಸರಿನಲ್ಲಿ ಗೂಬೆ ಕೇಳಿಕೊಂಡು ಬರುವವರಿದ್ದಾರೆ. ಹಿಡಿಯುವುದು, ಮಾರುವುದು, ಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಅಂಥವರಿಗೆ ಗೂಡಿರುವ ಮರವನ್ನು ಯಾರೂ ತೋರಿಸಬೇಡಿ.