ಕಾರಿನ ಹಿಂದೆ ಸೈಕಲ್ ಕಟ್ಟುವ ಮುನ್ನ ಹಿಂದೆ ಬರುವವನನ್ನು ನೆನೆಯಿರಿ

ಗುತ್ತಲದ ಸೈಕಲ್ ಅಂಗಡಿಗೆ ಹೋಗಿ ‘ಕ್ಯಾರಿಯರ್ ಬೇಕಾಗಿತ್ತು’ ಅಂದೆ. ಅಂಗಡಿಯ ಹಿರಿಯರು ಒಳಗೆ ಹೋಗಿ, ಸೈಕಲ್ಲಿನ ಹಿಂದೆ ಹಾಕುವ ಕಬ್ಬಿಣದ ಕ್ಯಾರಿಯರ್ ತಂದು ಮುಂದಿಟ್ಟರು.

‘ಇದಲ್ರೀ ಕಾಕಾ, ಸೈಕಲ್ಲನ್ನ ಹೊರೂದು. ಕಾರಿನ ಹಿಂದ ಹಾಕ್ತಾರಲ್ಲ, ಅದು.’

‘ಸೈಕಲ್ ಇರೂದು ಮನುಷ್ಯಾನ್ನ ಹೊರಾಕ. ಅದನ್ನ ನೀವು ಕಾರಿನ್ಯಾಗ ಹೊತ್ಕೊಂಡು ಅಡ್ಡಾಡ್ತೀರೇನು?’ ಎಂದು ನಕ್ಕರು.

ನಗುವಂಥದ್ದೇ ಅನ್ನಿ. ಆದರೆ ನಮ್ಮ ಮನೆಯಲ್ಲಿ ಅದು ನಗುವ ವಿಷಯವಾಗಿ ಉಳಿದಿಲ್ಲ. ಅಣ್ಣನ ಮಗ ಒಂಬತ್ತನೇ ತರಗತಿ, ನನ್ನ ಮಗಳು ಏಳನೇ ತರಗತಿ. ಇಬ್ಬರಿಗೂ ಸೈಕ್ಲಿಂಗ್ ಹುಚ್ಚು. ಉತ್ತರ ಕರ್ನಾಟಕದಲ್ಲಿ ಇದು ಬರೀ ಹುಚ್ಚಲ್ಲ. ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಹಳ್ಳಿ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಿರುವ ಆಟ. ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಯ ಹೆಸರು ಸೈಕಲ್ ತುಳಿಯುವ ಮಕ್ಕಳಿಗೆಲ್ಲ ಗೊತ್ತು. ನಮ್ಮ ಹಾವೇರಿ ಕಡೆಯ ಮಗು ಈ ಆಟದಲ್ಲಿ ಮುಂದೆ ಬರಬೇಕೆಂದರೆ ಆಯ್ಕೆ ಸ್ಪರ್ಧೆಗೆ, ಅಭ್ಯಾಸಕ್ಕೆ ಬೇರೆ ಊರಿಗೆ ಹೋಗಲೇಬೇಕು. ಸ್ವಂತ ಸೈಕಲ್ ಸಮೇತ.

ನಾವು ಸಣ್ಣವರಿದ್ದಾಗ ಬಸ್ಸಿನ ಮೇಲೆ ಸೈಕಲ್ ಏರುತ್ತಿತ್ತು. ಮೆಣಸಿನಕಾಯಿ ಚೀಲ, ಬಾಳೆಗೊನೆ, ಮದುವೆ ಟ್ರಂಕು ಎಲ್ಲದರ ಜೊತೆ. ಈಗ ನಮ್ಮೂರಿಗೆ ಬರುವ ಹೊಸ ಬಸ್ಸುಗಳಿಗೆ ಹಿಂದೆ ಏಣಿಯೂ ಇಲ್ಲ, ಮೇಲೆ ಕಟಾಂಜನವೂ ಇಲ್ಲ. ಟಾಟಾ ಏಸ್ ಬಾಡಿಗೆ ಕೊಟ್ಟು ಮಗಳನ್ನು ಪ್ರತಿ ವಾರ ಅಭ್ಯಾಸಕ್ಕೆ ಕರೆದೊಯ್ಯುವಷ್ಟು ಸಂಭಾವನೆ ಯಾವ ಪತ್ರಿಕೆಯೂ ತಾಲ್ಲೂಕು ವರದಿಗಾರನಿಗೆ ಕೊಡುವುದಿಲ್ಲ. ಉಳಿದದ್ದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಅಣ್ಣನ ಹಳೆಯ ಕಾರು. ಅದರ ಡಿಕ್ಕಿಯ ಮೇಲೆ ಬೆಲ್ಟಿನಿಂದ ಕಟ್ಟುವ, ಎರಡು ಸೈಕಲ್ ಹಿಡಿಯುವ ಕ್ಯಾರಿಯರ್ ಒಂದನ್ನು ಆನ್‌ಲೈನಿನಲ್ಲಿ ತರಿಸಿದೆವು. ಕಡಿಮೆ ಬೆಲೆಯದ್ದನ್ನೇ ಆರಿಸಿದೆವು ಎಂದು ಬೇರೆ ಹೇಳಬೇಕಿಲ್ಲ.

ಮೊದಲ ಸಲ ಹಾವೇರಿಗೆ ಹೋಗಿ ಬರುವಾಗ ಕತ್ತಲಾಗಿತ್ತು. ಗುತ್ತಲ ಇನ್ನೇನು ಬಂತು ಅನ್ನುವಾಗ, ಹಾಲಿನ ಕ್ಯಾನು ಕಟ್ಟಿದ ಬೈಕಿನವನೊಬ್ಬ ಹಾರ್ನ್ ಹೊಡೆಯುತ್ತ ಪಕ್ಕಕ್ಕೆ ಬಂದು ಕೈ ಮಾಡಿದ. ನಿಲ್ಲಿಸಿದೆವು.

‘ಸರ, ನಿಮ್ಮ ಗಾಡಿ ಹಿಂದ ಏನೂ ಕಾಣಂಗಿಲ್ರೀ. ಹಂಪ್ಸಿಗೆ ಬ್ರೇಕ್ ಹಿಡಿದ್ರಿ, ಲೈಟ್ ಹತ್ತಿದ್ದು ಗೊತ್ತಾಗಲಿಲ್ಲ. ಜರಾ ತಪ್ಪಿದ್ರ ನಿಮ್ಮ ಸೈಕಲ್ಲಿನ ಹ್ಯಾಂಡಲ್ಲು ನನ್ನ ಎದಿಯಾಗಿರ್ತಿತ್ತು.’

ಇಳಿದು ನೋಡಿದೆ. ಮಗಳ ಸೈಕಲ್ಲಿನ ಹಿಂದಿನ ಗಾಲಿ, ಮಡ್‌ಗಾರ್ಡ್, ಚೈನ್ ಕವರ್ ಸೇರಿ ಎಡಗಡೆಯ ದೀಪವನ್ನು ಪೂರ್ತಿ ಮುಚ್ಚಿದ್ದವು. ಬಲಗಡೆಯದು ಅರ್ಧ. ನಂಬರ್ ಪ್ಲೇಟ್ ಪೆಡಲ್ಲಿನ ಹಿಂದೆ. ಮೇಲಿನ ಬೆಲ್ಟ್ ಬೇರೆ ನಾಲ್ಕು ಬೆರಳಷ್ಟು ಸಡಿಲಾಗಿತ್ತು.

ಹತ್ತು ವರ್ಷಗಳಿಂದ ನಾನು ಬರೆಯುತ್ತಿರುವ ಸುದ್ದಿ ಇದು. ಕಬ್ಬಿನ ಹಂಗಾಮು ಶುರುವಾದರೆ ಸಾಕು, ‘ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗೆ ಬೈಕ್ ಡಿಕ್ಕಿ: ಸವಾರ ಸಾವು’. ತಲೆಬರಹ ಬಾಯಿಪಾಠವಾಗಿದೆ, ಊರು ಮತ್ತು ಹೆಸರು ಮಾತ್ರ ಬದಲಾಗುತ್ತವೆ. ಟ್ರೇಲರಿಗೆ ರಿಫ್ಲೆಕ್ಟರ್ ಅಂಟಿಸಿ ಎಂದು ಎಷ್ಟು ಸಲ ಬರೆದಿದ್ದೇನೋ. ಆ ಸಂಜೆ ನಾವೇ ಆ ಟ್ರೇಲರ್ ಆಗಿದ್ದೆವು. ಒಳಗೆ ಮಕ್ಕಳಿಬ್ಬರು ಮಂಡಾಳು ತಿನ್ನುತ್ತ ಕೂತಿದ್ದರು.

ಅದಾದ ಮೇಲೆ ಈ ಕ್ಯಾರಿಯರ್‌ಗಳ ಬೆನ್ನು ಹತ್ತಿದೆ. ಕೊಳ್ಳುವವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ರೊಕ್ಕ, ಎಷ್ಟು ಸೈಕಲ್ ಹಿಡಿಯುತ್ತದೆ? ನನ್ನ ಪ್ರಕಾರ ಮೊದಲ ಪ್ರಶ್ನೆ ಬೇರೆ. ಸೈಕಲ್ ಏರಿಸಿದ ಮೇಲೆ ಹತ್ತು ಹೆಜ್ಜೆ ಹಿಂದೆ ನಿಂತರೆ ಎರಡೂ ಕೆಂಪು ದೀಪ, ಇಂಡಿಕೇಟರ್, ನಂಬರ್ ಪ್ಲೇಟ್ ಕಾಣುತ್ತವೆಯೇ? ಕಾಣದಿದ್ದರೆ ಆ ಕ್ಯಾರಿಯರ್ ನಿಮ್ಮ ಕಾರಿನದ್ದಲ್ಲ, ಎಷ್ಟೇ ಅಗ್ಗವಿರಲಿ, ಎಷ್ಟೇ ಗಟ್ಟಿಯಿರಲಿ.

ವಿದೇಶದ ವಿಡಿಯೋಗಳಲ್ಲಿ ತೋರಿಸುವ, ಬಂಪರಿನ ಕೆಳಗಿನ ಕೊಂಡಿಗೆ ಸಿಕ್ಕಿಸುವ ಕ್ಯಾರಿಯರ್ ಒಳ್ಳೆಯದೇ. ಭಾರವೆಲ್ಲ ಚಾಸಿ ಮೇಲೆ ಬೀಳುತ್ತದೆ, ಡಿಕ್ಕಿಯ ತಗಡಿಗೆ ತೊಂದರೆಯಿಲ್ಲ. ಆದರೆ ನಮ್ಮ ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ ಆ ಕೊಂಡಿಯೇ ಇರುವುದಿಲ್ಲ. ಬೊಲೆರೋದಂಥ ಗಾಡಿಗಳಿಗೆ ಹಿಂದಿನ ಸ್ಟೆಪ್ನಿಗೆ ಕಟ್ಟುವಂಥದ್ದು ಸಿಗುತ್ತದೆ. ಅದು ಬೆಲ್ಟಿನದಕ್ಕಿಂತ ಗಟ್ಟಿ. ಕಾರಿನ ತಲೆಯ ಮೇಲೆ ಸೈಕಲ್ ನಿಲ್ಲಿಸಿದರೆ ದೀಪದ ಚಿಂತೆಯಿಲ್ಲ, ಆದರೆ ನಮ್ಮೂರುಗಳ ಅಗಸಿ, ಬೇವಿನ ಟೊಂಗೆ, ಪೆಟ್ರೋಲ್ ಬಂಕಿನ ಸೂರು ಇವನ್ನೆಲ್ಲ ನೆನಪಿಟ್ಟುಕೊಂಡು ಓಡಿಸಬೇಕು. ನನ್ನಂಥ ಮರೆಗುಳಿಗೆ ಅದು ಬೇಡ.

ಹೀಗಾಗಿ ಹೆಚ್ಚಿನವರಿಗೆ ಉಳಿಯುವುದು ಬೆಲ್ಟಿನ ಕ್ಯಾರಿಯರ್ರೇ. ಅದರಲ್ಲಿ ನೋಡಬೇಕಾದ್ದಿದೆ. ಬೆಲ್ಟಿನ ಕೊಕ್ಕೆಗಳು ಡಿಕ್ಕಿಯ ಮೇಲ್ಗಡೆ, ಎರಡೂ ಬದಿ, ಕೆಳಗಡೆ ಹೀಗೆ ಎಲ್ಲ ಕಡೆ ಹಿಡಿಯುವಂತಿರಬೇಕು. ಮೇಲೆ ಕೆಳಗೆ ಮಾತ್ರ ಹಿಡಿಯುವಂಥದ್ದು ತಿರುವಿನಲ್ಲಿ ಜಾರುತ್ತದೆ. ಕೊಕ್ಕೆ ತಗಡಿನ ಅಂಚಿಗೆ ಕೂರಬೇಕು, ಪ್ಲಾಸ್ಟಿಕ್ ಸ್ಪಾಯ್ಲರಿಗೆ ಅಲ್ಲ. ಮೆತ್ತೆಗಳು ಗಾಜಿನ ಮೇಲೆ ಊರಬಾರದು. ಕಟ್ಟುವ ಮುನ್ನ ಧೂಳು ಒರೆಸಿಕೊಳ್ಳಿ, ಇಲ್ಲದಿದ್ದರೆ ಬಣ್ಣ ಕೆರೆದುಹೋಗುತ್ತದೆ (ಅಣ್ಣ ಇವತ್ತಿಗೂ ಅದರ ಬಗ್ಗೆ ಮಾತಾಡುತ್ತಾನೆ). ಸೈಕಲ್ ಗಾಲಿ ಸೈಲೆನ್ಸರಿನ ಎದುರಿಗೆ ಬಂದರೆ ಬಿಸಿ ಹೊಗೆಗೆ ಟೈರ್ ಹಾಳಾಗುತ್ತದೆ. ನಾಲ್ಕೈದು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ ಬೆಲ್ಟ್ ಎಳೆದು ನೋಡಿ. ನಮ್ಮ ರಸ್ತೆಗಳಲ್ಲಿ ಪ್ರತಿ ಹಂಪ್ಸೂ ಅದನ್ನು ಒಂದಿಷ್ಟು ಸಡಿಲಿಸುತ್ತದೆ.

ತೂಕವನ್ನೂ ಮರೆಯಬೇಡಿ. ರೇಸಿನ ಸೈಕಲ್ 8–10 ಕಿಲೋ ಇರಬಹುದು. ನಾವು ತುಳಿಯುವ ಉಕ್ಕಿನ ಸೈಕಲ್‌ಗಳಲ್ಲಿ ಕೆಲವು 20 ಕಿಲೋ ಹತ್ತಿರ ಬರುತ್ತವೆ. ‘ಮೂರು ಸೈಕಲ್’ ಎಂಬ ಜಾಹೀರಾತು ಯಾವ ಸೈಕಲ್ಲಿನ ಲೆಕ್ಕದ್ದು ಎಂದು ಕಿಲೋದಲ್ಲಿ ಕೇಳಿ.

ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. ಈ ಕ್ಯಾರಿಯರಿನ ಎರಡು ತೋಳುಗಳು ಗಂಡುಮಕ್ಕಳ ಸೈಕಲ್ಲಿನ ಅಡ್ಡ ಬಾರಿಗೆ ಅಳತೆ ಮಾಡಿದವು. 2006–07ರಲ್ಲಿ ಶುರುವಾದ ಯೋಜನೆಯಲ್ಲಿ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಕೊಟ್ಟಂಥ, ಬಾರು ಕೆಳಗಿಳಿದ ಸೈಕಲ್ ಅದರ ಮೇಲೆ ನೆಟ್ಟಗೆ ಕೂರುವುದೇ ಇಲ್ಲ. ವಾಲುತ್ತದೆ, ಒಂದು ಗಾಲಿ ಕೆಳಗಿಳಿದು ದೀಪಕ್ಕೆ ಅಡ್ಡ ಬರುತ್ತದೆ. ಮಗಳ ಸೈಕಲ್ಲಿನಲ್ಲಿ ಆದದ್ದು ಇದೇ. ಸೀಟಿನ ರಾಡಿನಿಂದ ಹ್ಯಾಂಡಲ್ಲಿನವರೆಗೆ ತಾತ್ಕಾಲಿಕವಾಗಿ ಸಿಕ್ಕಿಸುವ ಅಡ್ಡ ರಾಡು ಪ್ರತ್ಯೇಕವಾಗಿ ಸಿಗುತ್ತದೆ. ಹೆಣ್ಣುಮಕ್ಕಳ ಸೈಕಲ್ ಒಯ್ಯುವವರು ಕ್ಯಾರಿಯರಿನ ಜೊತೆಗೇ ಅದನ್ನೂ ತರಿಸಿ.

ಇನ್ನು ಕಾನೂನು. ಕೇಂದ್ರ ಮೋಟಾರು ವಾಹನ ನಿಯಮಗಳ 105ನೇ ನಿಯಮದ ಪ್ರಕಾರ ಹಿಂದಿನ ಕೆಂಪು ದೀಪ ಕಾಣಬೇಕು, ನಂಬರ್ ಪ್ಲೇಟ್ ರಾತ್ರಿ 15 ಮೀಟರ್ ದೂರದಿಂದ ಓದಲು ಬರಬೇಕು. 2019ರ ತಿದ್ದುಪಡಿಯಲ್ಲಿ ಸೇರಿದ 194(1ಎ) ಕಲಮಿನಡಿ, ಹೇರಿದ ಸಾಮಾನು ಮಿತಿ ಮೀರಿ ಗಾಡಿಯಿಂದ ಹೊರಚಾಚಿದರೆ ದಂಡ 20,000 ರೂಪಾಯಿ. ನಮ್ಮ ಕಾರಿಗಿಂತ ಅಗಲವಾಗಿ ಸೈಕಲ್ ಗಾಲಿ ಆಚೆಗೆ ಇಣುಕಿದರೆ ಅದಕ್ಕೂ ಈ ಕಲಮು ಹಚ್ಚಬಹುದೇ? ಬಿಚ್ಚಿಡಬಹುದಾದ ಬೆಲ್ಟಿನ ಕ್ಯಾರಿಯರ್ 52ನೇ ಕಲಮು ಹೇಳುವ ‘ಮಾರ್ಪಾಡು’ ಅಲ್ಲವೇ ಅಲ್ಲ ಎಂಬುದು ನನ್ನ ವಾದ. ಆದರೆ ರಸ್ತೆಯಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸುವ ಅಧಿಕಾರಿಯ ಮುಂದೆ ವಾದ ನಡೆಯುವುದು ಕಡಿಮೆ.

ಯುರೋಪಿನ ದೇಶಗಳಲ್ಲಿ ಸೈಕಲ್ಲಿನ ಹಿಂದೆ ಹೆಚ್ಚುವರಿ ದೀಪದ ಹಲಗೆಯೊಂದನ್ನು ಕಟ್ಟಿ, ಅದರಲ್ಲೇ ನಂಬರನ್ನೂ ತೋರಿಸುತ್ತಾರೆ. ಇಲ್ಲಿ ದೀಪದ ಹಲಗೆಯನ್ನು ಯಾವ ಆಟೊ ಎಲೆಕ್ಟ್ರಿಷಿಯನ್ ಬೇಕಾದರೂ ಮಾಡಿಕೊಡುತ್ತಾನೆ. ನಂಬರ್ ಪ್ಲೇಟ್ ಮಾತ್ರ ಆಗದು. ಎಚ್‌ಎಸ್‌ಆರ್‌ಪಿ ಬಂದ ಮೇಲೆ ಕಾರಿಗೆ ಮುಂದೊಂದು, ಹಿಂದೊಂದು, ಗಾಜಿಗೊಂದು ಸ್ಟಿಕ್ಕರ್, ಅಷ್ಟೇ. ಕ್ಯಾರಿಯರಿಗೆಂದು ಇನ್ನೊಂದು ಕೊಡಿ ಅಂದರೆ ಕೊಡುವ ಏರ್ಪಾಡಿಲ್ಲ. ಪೇಂಟರ್ ಹತ್ತಿರ ಬರೆಸಿಕೊಂಡರೆ ಅದು ನಕಲಿ ಪ್ಲೇಟು. ನಿಯಮ ಪಾಲಿಸಬೇಕೆನ್ನುವವನಿಗೆ ಪಾಲಿಸುವ ದಾರಿಯನ್ನೇ ಇಟ್ಟಿಲ್ಲ. ಮಾರುವವರು ಮಾರುತ್ತಾರೆ, ಕೊಳ್ಳುವವರು ಕೊಳ್ಳುತ್ತಾರೆ, ದಂಡ ಬಿದ್ದಾಗ ಅದೃಷ್ಟ ಕೆಟ್ಟಿತು ಅಂದುಕೊಳ್ಳುತ್ತಾರೆ. ಸಾರಿಗೆ ಇಲಾಖೆ ಕ್ಯಾರಿಯರಿಗೆ ಮೂರನೇ ಪ್ಲೇಟ್ ಕೊಡುವ ವ್ಯವಸ್ಥೆ ಮಾಡಲಿ, ದೀಪದ ಹಲಗೆ ಕಡ್ಡಾಯವೆನ್ನಲಿ. ಆಮೇಲೆ ದಂಡ ಹಾಕಲಿ, ನಾನೇ ಸುದ್ದಿ ಮಾಡುತ್ತೇನೆ. ಬಸ್ಸಿನಲ್ಲಿ ಕ್ರೀಡಾ ಮಕ್ಕಳ ಸೈಕಲ್ಲಿಗೆ ಒಂದು ಜಾಗ ಮಾಡಿಕೊಟ್ಟರಂತೂ ಕಾರಿಲ್ಲದವರ ಮಕ್ಕಳೂ ಬರುತ್ತಾರೆ. ನಮ್ಮ ಓಣಿಯಲ್ಲೇ ಮಗಳಿಗಿಂತ ಜೋರಾಗಿ ತುಳಿಯುವ ಹುಡುಗಿ ಒಬ್ಬಳಿದ್ದಾಳೆ. ಅವಳ ಮನೆಯಲ್ಲಿ ಕ್ಯಾರಿಯರ್ ಕಟ್ಟಲು ಕಾರೇ ಇಲ್ಲ.

ಸದ್ಯಕ್ಕೆ ನಾವು ಮಾಡಿಕೊಂಡ ಏರ್ಪಾಡು ಇದು. ಅಣ್ಣನ ಮಗನ ಸೈಕಲ್ ಒಂದೇ ಕ್ಯಾರಿಯರಿನ ಮೇಲೆ. ಎರಡೂ ಗಾಲಿ ಬಿಚ್ಚಿ, ಪ್ಲೇಟ್ ಕಾಣುವಷ್ಟು ಎತ್ತರಕ್ಕೆ ಕಟ್ಟುತ್ತೇವೆ. ಮಗಳದ್ದಕ್ಕೆ 15 ನಂಬರ್ ಪಾನಾ ಹಾಕಿ ಗಾಲಿ ಬಿಚ್ಚಿ, ಹಳೆ ಚಾದರ ಸುತ್ತಿ ಹಿಂದಿನ ಸೀಟಿನ ಒಂದು ಬದಿಯನ್ನು ಬಿಟ್ಟುಕೊಟ್ಟಿದ್ದೇವೆ. ಇನ್ನೊಂದು ಬದಿಯಲ್ಲಿ ಮಕ್ಕಳಿಬ್ಬರು ಒತ್ತಿಕೊಂಡು ಕೂರುತ್ತಾರೆ. ಓಣಿಯ ಹುಡುಗಿಯನ್ನೂ ಕರೆದುಕೊಂಡು ಹೋಗೋಣ ಎಂದು ಮಗಳು ಹಟ ಹಿಡಿದಿದ್ದಾಳೆ. ಮೂರನೇ ಸೈಕಲ್ ಎಲ್ಲಿಡುವುದು ಎಂದು ಅಣ್ಣ ಟೇಪು ಹಿಡಿದು ಅಳೆಯುತ್ತಿದ್ದಾನೆ.