ಆರನೇ ನಿಲ್ದಾಣದ ಕಲ್ಲುಗಳು

"ಅಯಸ್ಕಾಂತಕ್ಕೆ ಅಂಟುತ್ತೆ ಸಾರ್, ಉಲ್ಕೆಯೇ ಇರಬೇಕು" ಎಂದು ಎಂಟನೇ ತರಗತಿಯ ಹುಡುಗನೊಬ್ಬ ಕರಿಕಲ್ಲೊಂದನ್ನು ತಂದಿದ್ದ. ಅದು ಕಬ್ಬಿಣದ ಅದಿರು. ಅವನ ಮುಖ ಬಾಡಿತು. ಅಸಲಿ ಉಲ್ಕೆಯೇ ಆಗಿದ್ದರೂ ಅಯಸ್ಕಾಂತದ ಪರೀಕ್ಷೆ ಬರೀ ಹೊಸ್ತಿಲು. ಅದು ಯಾವ ಜಾತಿಯ ಕಲ್ಲು ಎಂದು ತಿಳಿಯಲು ಒಳಗೆ ಹೋಗಬೇಕು.

ಉಲ್ಕಾಶಿಲೆಗಳು ಹೆಚ್ಚಾಗಿ ಸಿಗುವ ಜಾಗಗಳಲ್ಲಿ ಮರಳುಗಾಡೂ ಒಂದು. ತಿಳಿ ಬಣ್ಣದ ನೆಲದ ಮೇಲೆ ಕರಿಕಲ್ಲು ಎದ್ದು ಕಾಣುತ್ತದೆ. ಮಳೆ ಅಪರೂಪವಾದ್ದರಿಂದ ತುಕ್ಕು ಹಿಡಿಯುವುದೂ ನಿಧಾನ. ಸಿಕ್ಕ ಕಲ್ಲನ್ನು ಕೊಯ್ದು, ಬೆಳಕು ಹಾಯುವಷ್ಟು ತೆಳುವಾದ ಬಿಲ್ಲೆ ಮಾಡಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ರಾಗಿ, ಸಾಸಿವೆಯಂಥ ದುಂಡು ಕಣಗಳು ಕಂಡರೆ ಅದು ಕಾಂಡ್ರೈಟ್. ಬೀಳುವ ಉಲ್ಕಾಶಿಲೆಗಳಲ್ಲಿ ಬಹುಪಾಲು ಇವೇ. ಸುಮಾರು 456 ಕೋಟಿ ವರ್ಷಗಳ ಹಿಂದೆ, ಸೌರವ್ಯೂಹದ ಬಾಲ್ಯದಲ್ಲಿ, ಕರಗಿದ ಹನಿಗಳು ಗಟ್ಟಿಯಾಗಿ ಆದ ಕಣಗಳಿವು. ಇವುಗಳಲ್ಲಿ ಸಾಮಾನ್ಯವಾದವನ್ನು ಕಬ್ಬಿಣ ನೋಡಿ ವಿಂಗಡಿಸುತ್ತಾರೆ: ಹೆಚ್ಚಿದ್ದರೆ ಎಚ್, ಕಡಿಮೆಯಿದ್ದರೆ ಎಲ್, ಲೋಹ ಇನ್ನೂ ಕಡಿಮೆಯಾದರೆ ಎಲ್‌ಎಲ್. ಅಳೆಯುವುದು ಮಾತ್ರ ಆಲಿವೀನ್ ಎಂಬ ಖನಿಜದೊಳಗೆ ಸೇರಿಕೊಂಡ ಕಬ್ಬಿಣವನ್ನು, ಇಲೆಕ್ಟ್ರಾನ್ ದೂಲದಿಂದ. ಇಲ್ಲೊಂದು ತಮಾಷೆಯಿದೆ. ಒಟ್ಟು ಕಬ್ಬಿಣ ಹೆಚ್ಚಿರುವ ಎಚ್ ಕಲ್ಲಿನ ಆಲಿವೀನ್‌ನಲ್ಲಿ ಕಬ್ಬಿಣ ಕಡಿಮೆ. ಬಹಳಷ್ಟು ಲೋಹವಾಗಿಯೇ ಉಳಿದಿರುತ್ತದೆ. ಮೊದಲ ಸಲ ಓದಿದಾಗ ನಾನೂ ಇಲ್ಲಿ ಎಡವಿದ್ದೆ.

ಜಾತಿ ಗೊತ್ತಾದ ಮೇಲೆ ಇನ್ನೊಂದು ಪ್ರಶ್ನೆ. ಅಕ್ಕಪಕ್ಕ ಸಿಕ್ಕ ಎರಡು ಕಲ್ಲು ಒಟ್ಟಿಗೆ ಬಿದ್ದವೋ, ಸಾವಿರಾರು ವರ್ಷಗಳ ಅಂತರದಲ್ಲಿ ಬಿದ್ದವೋ? ನೋಡಿದವರಿಲ್ಲ. ಆದ್ದರಿಂದ ರೂಢಿ ಹೀಗಿತ್ತು: ಜಾತಿ ಒಂದೇ ಆದರೆ ಒಂದೇ ಉಲ್ಕೆಯ ಚೂರುಗಳಿರಬಹುದು, ಜಾತಿ ಬೇರೆಯಾದರೆ ಸಂಬಂಧವಿಲ್ಲ. ನ್ಯಾಯವಾಗಿಯೇ ಕಾಣುತ್ತದಲ್ಲವೇ? ಇದಕ್ಕೆ ಪೆಟ್ಟು ಬಿದ್ದದ್ದು ಸುಡಾನಿನ ನೂಬಿಯಾ ಮರಳುಗಾಡಿನಲ್ಲಿ.

2008ರ ಅಕ್ಟೋಬರ್ 6ರಂದು ಅಮೆರಿಕದ ಅರಿಜೋನಾದ ದೂರದರ್ಶಕವೊಂದಕ್ಕೆ ಪುಟ್ಟ ಕ್ಷುದ್ರಗ್ರಹ ಕಂಡಿತು. ಅಡ್ಡಳತೆ ಸುಮಾರು 4 ಮೀಟರ್. ಲೆಕ್ಕ ಹಾಕಿದರೆ ಮರುದಿನವೇ ಭೂಮಿಗೆ ಡಿಕ್ಕಿ! ಭೂಮಿಗೆ ಬೀಳುವ ಮುನ್ನವೇ ಬಾಹ್ಯಾಕಾಶದಲ್ಲಿ ಗುರುತಿಸಲಾದ ಮೊದಲ ಕಾಯ ಅದು; ಹೆಸರು 2008 ಟಿಸಿ3. 7ರ ಬೆಳಗಿನ ಜಾವ ಲೆಕ್ಕಕ್ಕೆ ತಕ್ಕಂತೆ ಸುಡಾನಿನ ಮೇಲೆ ಬಂದು, ಸುಮಾರು 37 ಕಿ.ಮೀ. ಎತ್ತರದಲ್ಲಿ ಸಿಡಿಯಿತು.

ಡಿಸೆಂಬರಿನಲ್ಲಿ ಖಗೋಳವಿಜ್ಞಾನಿ ಪೀಟರ್ ಜೆನ್ನಿಸ್ಕೆನ್ಸ್, ಖಾರ್ಟೂಮ್ ವಿಶ್ವವಿದ್ಯಾಲಯದ ಮುಅವಿಯಾ ಶದ್ದಾದ್ ಮತ್ತು ಅಲ್ಲಿನ ವಿದ್ಯಾರ್ಥಿಗಳು ಸಾಲಾಗಿ ನಡೆಯುತ್ತ, ಕಳೆದುಹೋದ ಓಲೆಯ ತಿರುಪು ಹುಡುಕುವವರಂತೆ ನೆಲ ಜಾಲಾಡಿದರು. ಸುಮಾರು 80 ಟನ್ ಇದ್ದಿರಬಹುದಾದ ಕಾಯದಲ್ಲಿ, ಮುಂದಿನ ಹುಡುಕಾಟಗಳೂ ಸೇರಿ ಸಿಕ್ಕಿದ್ದು 10 ಕಿಲೋ ಚಿಲ್ಲರೆ, ಆರುನೂರರಷ್ಟು ಚೂರು. ಅಲ್ಲಿನ ರೈಲು ನಿಲ್ದಾಣದ ಹೆಸರನ್ನೇ ಇಟ್ಟರು: ಅಲ್‌ಮಹಾತಾ ಸಿತ್ತಾ. ಅರಬ್ಬಿಯಲ್ಲಿ ಆರನೇ ನಿಲ್ದಾಣ.

ಹೆಚ್ಚಿನವು ಯೂರಿಲೈಟ್, ದುಂಡು ಕಣಗಳಿಲ್ಲದ, ಗ್ರಾಫೈಟ್ ಮತ್ತು ಸೂಕ್ಷ್ಮ ವಜ್ರಗಳಿರುವ ಅಪರೂಪದ ಜಾತಿ. ಆದರೆ ಅವುಗಳ ನಡುವೆಯೇ ಬಗೆಬಗೆಯ ಕಾಂಡ್ರೈಟುಗಳೂ ಸಿಕ್ಕವು! ಹಳೆಯ ರೂಢಿಯಂತೆ ಅವನ್ನು ಹಿಂದೆಂದೋ ಬಿದ್ದವೆಂದು ಬದಿಗಿಡಬೇಕಿತ್ತು. ಹಾಗೆ ಮಾಡದಿರಲು ಕಾರಣಗಳಿದ್ದವು. ಕಲ್ಲುಗಳು ಹೊಚ್ಚಹೊಸವು. ಕೆಲವದರಲ್ಲಿ ಬಾಹ್ಯಾಕಾಶದಲ್ಲಿ ಮಾತ್ರ ಹುಟ್ಟಿ, ಬೇಗ ಕ್ಷಯಿಸುವ ವಿಕಿರಣಶೀಲ ಪರಮಾಣುಗಳು ಇನ್ನೂ ಉಳಿದಿದ್ದವು. ಎಷ್ಟು ಕಾಲ ವಿಶ್ವಕಿರಣಗಳಿಗೆ ಮೈಯೊಡ್ಡಿದ್ದವು ಎಂದು ಅಳೆದರೆ ಎರಡೂ ಜಾತಿಗೆ ಒಂದೇ ಉತ್ತರ, ಸುಮಾರು 2 ಕೋಟಿ ವರ್ಷ. ಅಂದರೆ ಇವು ಒಂದೇ ತಾಯಿಯ ಮಕ್ಕಳಲ್ಲ, ಒಂದೇ ಛತ್ರದಲ್ಲಿ ತಂಗಿದ್ದವರು. ಬೇರೆ ಬೇರೆ ಕ್ಷುದ್ರಗ್ರಹಗಳು ಡಿಕ್ಕಿಯಾಗಿ ಚದುರಿದ ಚೂರುಗಳು ಕಲಸಿ, ಸಡಿಲವಾಗಿ ಕೂಡಿಕೊಂಡಿದ್ದ ಕಾಯ ಅದು.

ಹಾಗಾದರೆ ಸಹಾರಾದಿಂದ ಬಂದು ಕಪಾಟು ಸೇರಿರುವ ಕಲ್ಲುಗಳ ಗತಿ? ಎಷ್ಟೋ ಕಲ್ಲುಗಳು ಸಂತೆಯಲ್ಲಿ, ವ್ಯಾಪಾರಿಗಳಿಂದ ಕೊಂಡವು. ಹೆಸರಿನಲ್ಲಿ 'ವಾಯವ್ಯ ಆಫ್ರಿಕ' ಎಂದು, ಮುಂದೊಂದು ಸಂಖ್ಯೆ, ಅಷ್ಟೇ. ಎಲ್ಲಿ ಬಿದ್ದಿತ್ತು, ಪಕ್ಕದಲ್ಲಿ ಏನಿತ್ತು ಎಂಬುದು ಕಾಗದದಲ್ಲಿಲ್ಲ. ಆರನೇ ನಿಲ್ದಾಣದಲ್ಲಿ ನಡೆದು ಹುಡುಕಿದವರು ಮಾತ್ರ ಚೂರು ಸಿಕ್ಕ ಜಾಗಗಳನ್ನು ಅಕ್ಷಾಂಶ ರೇಖಾಂಶ ಸಹಿತ ಬರೆದಿಟ್ಟಿದ್ದರು.