ಅಲಾರಂ ಕಿರುಚುತ್ತದೆ, ಕನ್ನಡಿಗ ಬಾಯಿ ಮುಚ್ಚಿಕೊಂಡಿದ್ದಾನೆ!

ಕಾರಿಗೆ ಅಲಾರಂ ಹಾಕಿಸಿದ್ದೀರಾ ಮಿತ್ರರೇ? ಅದರ ಡಬ್ಬದೊಳಗೆ ಮಡಚಿಟ್ಟ ಹಾಳೆಯನ್ನು ಒಮ್ಮೆ ಬಿಡಿಸಿ ನೋಡಿ. ಇಂಗ್ಲಿಷ್ ಇದೆ, ಕೆಲವದರಲ್ಲಿ ಚೀನೀ ಭಾಷೆಯೂ ಇದೆ. ಮಾರುವುದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಕೊಳ್ಳುವವನು ಕನ್ನಡಿಗ, ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ ತಂತಿ ಸುಲಿಯುವ ಹುಡುಗ ಮಂಡ್ಯದವನೋ ಕೋಲಾರದವನೋ. ಡಬ್ಬದಲ್ಲಿ ಮಾತ್ರ ಕನ್ನಡವಿಲ್ಲ!

ನನ್ನ ಪ್ರೆಸ್ಸಿನ ವ್ಯಾನಿಗೆ ಇಂಥದೇ ಒಂದನ್ನು ಹಾಕಿಸಿದೆ. ಮೂರನೇ ವಾರ, ಲಗ್ನಪತ್ರಿಕೆಯ ಕಟ್ಟು ತುಂಬಿಕೊಂಡು ಮೇಲ್ಸೇತುವೆ ಇಳಿಯುವಾಗ ಎಂಜಿನ್ ತಟಕ್ಕನೆ ನಿಂತಿತು. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ಸಹಾಯವೂ ಒಂದೆರಡು ತುಳಿತಕ್ಕೆ ಮುಗಿಯುತ್ತದೆ. ಹಿಂದೆ ಲಾರಿ! ಹೇಗೋ ಪಕ್ಕಕ್ಕೆ ತಂದೆ. ಮರುದಿನ ಹೋಗಿ ಆ ಹುಡುಗನನ್ನು ಬಾಯಿಗೆ ಬಂದಂತೆ ಬೈದೆ. ಅವನ ಮಾಲೀಕ ಎರಡು ದಿನದ ಕೂಲಿ ಮುರಿದ.

ಆಮೇಲೆ ಹಳೆಯ ಎಲೆಕ್ಟ್ರಿಷಿಯನ್ ಒಬ್ಬರು ಬಿಚ್ಚಿ ತೋರಿಸಿದರು. ಕೀ ಸ್ವಿಚ್ಚಿನ ಹಿಂದೆ ಮುಖ್ಯವಾಗಿ ನಾಲ್ಕು ಬಗೆಯ ತಂತಿ. ಒಂದರಲ್ಲಿ ಕೀ ತೆಗೆದಿದ್ದರೂ ಬ್ಯಾಟರಿಯ 12 ವೋಲ್ಟ್ ಸದಾ ಇರುತ್ತದೆ. ಎರಡನೆಯದು ರೇಡಿಯೋ ಲೈನು. ಸೆಲ್ಫ್ ಹೊಡೆಯುವಾಗ ಅದು ಸಾಮಾನ್ಯವಾಗಿ ಸತ್ತಿರುತ್ತದೆ. ಮೂರನೆಯದು ಇಗ್ನಿಷನ್, ಎಂಜಿನ್ ಓಡುವಾಗಲೂ ಸೆಲ್ಫ್ ಹೊಡೆಯುವಾಗಲೂ ಅದರಲ್ಲಿ ಕರೆಂಟ್ ಇರಲೇಬೇಕು. ನಾಲ್ಕನೆಯದು ಸೆಲ್ಫ್ ಲೈನು, ಕೀ ಪೂರ್ತಿ ತಿರುಗಿಸಿ ಹಿಡಿದಷ್ಟು ಹೊತ್ತು ಮಾತ್ರ ಜೀವಂತ. (ಬಟನ್ ಒತ್ತುವ ಗಾಡಿಗಳ ಕಥೆ ಬೇರೆ.) ಕೀ ಆನ್ ಆಗಿದೆಯೇ ಎಂದು ಅಲಾರಂ ತಿಳಿಯಬೇಕಾದದ್ದು ಮೂರನೆಯದರಿಂದ. ಕಳ್ಳನನ್ನು ತಡೆಯುವ ರಿಲೇ ಕೂರಬೇಕಾದದ್ದು ನಾಲ್ಕನೆಯದರ ನಡುವೆ. ಹಾಗಿದ್ದರೆ ರಿಲೇ ಕೆಟ್ಟಾಗ ಗಾಡಿ ಸ್ಟಾರ್ಟ್ ಆಗುವುದಿಲ್ಲ ಅಷ್ಟೇ, ಓಡುವ ಎಂಜಿನ್ ನಿಲ್ಲುವುದಿಲ್ಲ. ನಮ್ಮ ಹುಡುಗ ಇಗ್ನಿಷನ್ ತಂತಿಯನ್ನೇ ಕತ್ತರಿಸಿದ್ದ! ಬಣ್ಣ ನೋಡಿ ಗುರುತಿಸಿದನಂತೆ. ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ. ಮಲ್ಟಿಮೀಟರ್ ಹಿಡಿದೇ ನೋಡಬೇಕು. ಬಲ್ಬಿನ ಟೆಸ್ಟ್ ಲ್ಯಾಂಪ್ ಚುಚ್ಚಿದರೆ ಈಗಿನ ಗಾಡಿಯ ಕಂಪ್ಯೂಟರೇ ಕೆಡಬಹುದು. ಹಳದಿ ಕವಚದ ಏರ್‌ಬ್ಯಾಗ್ ತಂತಿಯನ್ನಂತೂ ಮುಟ್ಟಲೇಬಾರದು.

ರಿಲೇ ಎಲ್ಲಿ ಕೂರಬೇಕೆಂಬುದು ಆ ಹಾಳೆಯಲ್ಲೇ ಇತ್ತು! ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ದಿನವಿಡೀ ಅಕ್ಷರದ ನಡುವೆಯೇ ಬದುಕುವ, ಪಿಯುಸಿ ಓದಿದ ನಾನೇ ನಿಘಂಟು ತೆರೆಯಬೇಕಾಯಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಏನು ಮಾಡಬೇಕು? ತಪ್ಪು ಯಾರದು, ಮುರಿದದ್ದು ಯಾರ ಕೂಲಿ?

ದಿಲ್ಲಿಯವರ 2011ರ ಪೊಟ್ಟಣ ಸರಕುಗಳ ನಿಯಮ ನೋಡಿ. ಪೊಟ್ಟಣದ ಮೇಲಿನ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕಂತೆ. ಕನ್ನಡ? ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಿ ಎಂಬ ಭಿಕ್ಷೆ! ಫ್ರಾನ್ಸಿನವರು 1994ರಲ್ಲೇ ಕಾನೂನು ಮಾಡಿ, ತಮ್ಮ ನಾಡಿನಲ್ಲಿ ಮಾರುವ ಸಾಮಾನಿನ ಬಳಕೆಯ ವಿವರ ಫ್ರೆಂಚಿನಲ್ಲಿ ಇರಲೇಬೇಕೆಂದರು. ನಮ್ಮಲ್ಲಿ 2024ರಲ್ಲಿ ಅಂಗಡಿ ಬೋರ್ಡಿನ ಶೇ. 60 ಭಾಗ ಕನ್ನಡ ಎಂದಾಯಿತು. ಸಂತೋಷ. ಬೋರ್ಡಿನ ಕೆಳಗೆ ಮಾರುವ ಡಬ್ಬಕ್ಕೆ?

ಕನ್ನಡದಲ್ಲಿ ತಾಂತ್ರಿಕ ಪದಗಳಿಲ್ಲ ಎಂದು ಮೂಗು ಮುರಿಯುವವರು ಗ್ಯಾರೇಜಿಗೆ ಬನ್ನಿ. ಸೆಲ್ಫ್, ಅರ್ಥ್, ಲೈನು, ಫ್ಯೂಸು ಎಲ್ಲ ಅಲ್ಲಿ ಕನ್ನಡವಾಗಿ ದಶಕಗಳಾದವು. "ದಹನ ಸಂಪರ್ಕ ಕೀಲಕ" ಎಂದು ಪಂಡಿತರು ಟಂಕಿಸುವುದೂ ಬೇಡ, ಅದು ಇಂಗ್ಲಿಷಿಗಿಂತ ಕಷ್ಟ.

ಖರ್ಚಿನ ನೆಪವನ್ನು ನನ್ನ ಮುಂದೆ ಹೇಳಬೇಡಿ, ಹಾಳೆಯ ಲೆಕ್ಕ ನನಗೆ ಗೊತ್ತು. ಸಾವಿರಾರು ರೂಪಾಯಿಯ ಅಲಾರಂ ಜೊತೆ ಒಂದು ಕನ್ನಡ ಹಾಳೆ ಇಟ್ಟರೆ ಯಾವ ಕಂಪನಿಯೂ ದಿವಾಳಿಯಾಗುವುದಿಲ್ಲ. ಯುವಕರೇ, ಅಲಾರಂ ಕೊಳ್ಳುವಾಗ ಕನ್ನಡದ ಹಾಳೆ ಕೇಳಿ. ಇಲ್ಲವೆಂದರೆ ಡಬ್ಬ ಹಿಂದಕ್ಕೆ ತಳ್ಳಿ ಹೊರಗೆ ಬನ್ನಿ, ಹತ್ತು ಜನ ತಳ್ಳಲಿ!

ನಾಲ್ಕು ತಂತಿಯ ಚಿತ್ರವನ್ನು ಗ್ಯಾರೇಜಿನ ಕನ್ನಡದಲ್ಲೇ ಒಂದು ಹಾಳೆಗೆ ಅಚ್ಚು ಹಾಕಿದ್ದೇನೆ. ಮೊದಲ ಪ್ರತಿಯನ್ನು ಆ ಹುಡುಗನಿಗೆ ಕೊಟ್ಟು, ಎರಡು ದಿನದ ಕೂಲಿಯನ್ನೂ ಕೊಟ್ಟು ಬಂದೆ. ಬೇಕಾದವರು ಈ ಪತ್ರಿಕೆ ಹಂಚುವ ಹುಡುಗರನ್ನು ಕೇಳಿ, ದುಡ್ಡಿಲ್ಲ.